ಮೂರು ಸಾವಿರ ಮಿಲಿಮೀಟರ್ ಮಳೆ ಬಿದ್ದರೂ ಜನವರಿಗೆ ಒಣಗುವ ಗರಸು ಬೇಣ

ಪ್ರಶ್ನೆ: ಕುಮಟಾ ತಾಲೂಕಿನ ಗುಡ್ಡದ ಮೇಲೆ ನಮಗೆ ಎರಡೂವರೆ ಎಕರೆ ಬೇಣ (ಹುಲ್ಲುಗಾವಲು) ಇದೆ. ಮಣ್ಣು ಅಂದರೆ ಬರೀ ಕೆಂಪು ಗರಸು. ಎಷ್ಟು ಮಳೆ ಹೊಡೆದರೂ ನೀರು ನಿಲ್ಲುವುದಿಲ್ಲ. ಡಿಸೆಂಬರ್ ಮುಗಿಯುವಷ್ಟರಲ್ಲಿ ಹುಲ್ಲೆಲ್ಲ ಒಣಗಿ ಕರಡವಾಗಿರುತ್ತದೆ. ಚಳ್ಳಕೆರೆ ಕಡೆ ಕುರಿ ಸಾಕುವ ಪರಿಚಯದವರೊಬ್ಬರು ಬಂದು ನೋಡಿ, ‘ನಮ್ಮ ಕಾವಲಿನ ಮಣ್ಣೂ ಹೀಗೇ ಇದೆ, ಅಂಜನ್ ಹುಲ್ಲಿನ ಬೀಜ ಚೆಲ್ಲಿ, ಕೆರೆಗೋಡು (ಕೆರೆಯ ಹೂಳುಮಣ್ಣು) ಹೊಡೆಸಿ’ ಎಂದರು. ಎರಡೂ ಒಂದೇ ಬಗೆಯ ಮಣ್ಣೇ? ನಾಲ್ಕು ದನಕ್ಕೆ ಇಲ್ಲಿ ಮೇವು ಬೆಳೆಯಬಹುದೇ, ಅಥವಾ ಗೇರು ಹಾಕುವುದೇ ಮೇಲೇ? ಮಣ್ಣು ಪರೀಕ್ಷೆಯ ವರದಿಯಲ್ಲಿ ಪೊಟ್ಯಾಷ್ ‘ಮಧ್ಯಮ’ ಎಂದಿದೆ. ಆದರೂ ನೆಟ್ಟ ಗಿಡ ಏಳುತ್ತಿಲ್ಲ, ಯಾಕೆ?

ಉತ್ತರ: ನೋಡಲು ಒಂದೇ ಥರ, ನಡವಳಿಕೆಯಲ್ಲಿ ಬೇರೆ. ಎರಡರಲ್ಲೂ ಗರಸಿದೆ, ಎರಡರಲ್ಲೂ ನೀರು ಬೇಗ ಇಳಿಯುತ್ತದೆ. ಹೋಲಿಕೆ ಅಲ್ಲಿಗೆ ಮುಗಿಯಿತು. ಚಳ್ಳಕೆರೆಯಂಥ ಬಯಲುಸೀಮೆಯಲ್ಲಿ ಗರಸು ಹುಲ್ಲಿಗೆ ಬಹುಪಾಲು ಉಪಕಾರಿ, ನಿಮ್ಮ ಗುಡ್ಡದಲ್ಲಿ ಅದೇ ಗರಸು ಬರಗಾಲ ತರುತ್ತದೆ. ಇದಕ್ಕೆ ಕಾರಣ ಮಳೆ ಬೀಳುವ ರೀತಿ. ಹಾಗಾಗಿ ಬೀಜ, ಗೊಬ್ಬರದ ಮಾತಿಗಿಂತ ಮೊದಲು ನಿಮ್ಮ ಮಣ್ಣು ಎಷ್ಟು ನೀರು ಹಿಡಿಯುತ್ತದೆ ಎಂಬ ಲೆಕ್ಕ ಹಾಕಿಕೊಳ್ಳೋಣ. ಮಿಕ್ಕ ತೀರ್ಮಾನಗಳೆಲ್ಲ ಆ ಒಂದು ಅಂಕಿಯಿಂದಲೇ ಬರುತ್ತವೆ.

ಮಣ್ಣುವಿಜ್ಞಾನದಲ್ಲಿ 2 ಮಿ.ಮೀ.ಗಿಂತ ಸಣ್ಣ ಕಣಗಳನ್ನು ಮಾತ್ರ ಮಣ್ಣು ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಅದಕ್ಕಿಂತ ದಪ್ಪಗಿದ್ದು 75 ಮಿ.ಮೀ.ವರೆಗಿನದು ಗರಸು, ಅದಕ್ಕೂ ದೊಡ್ಡದು ಕಲ್ಲು. ಒಟ್ಟು ಗಾತ್ರದಲ್ಲಿ ಗರಸು 15ರಿಂದ 35 ಶೇಕಡಾ ಇದ್ದರೆ ಗರಸು ಮಣ್ಣು, 35ರಿಂದ 60 ಇದ್ದರೆ ಅತಿ ಗರಸು, 60 ದಾಟಿದರೆ ಅದರಲ್ಲಿ ಮಣ್ಣು ನೆಪಕ್ಕೆ ಮಾತ್ರ. ಬೇರಿಗೆ ಸಿಗುವ ನೀರು ಸಣ್ಣ ಮಣ್ಣಿನಲ್ಲಿ ನಿಲ್ಲುತ್ತದೆ, ಗಟ್ಟಿ ಕಲ್ಲಿನಲ್ಲಿ ನಿಲ್ಲುವುದಿಲ್ಲ. ಜಂಬಿಟ್ಟಿಗೆಯ, ಅಂದರೆ ಕೆಂಪು ಚಿರೇಕಲ್ಲಿನ, ಹರಳುಗಳಲ್ಲಿ ಸಣ್ಣ ರಂಧ್ರಗಳಿರುವುದರಿಂದ ಅವು ಸ್ವಲ್ಪ ನೀರು ಕುಡಿಯುವುದು ನಿಜ. ಆದರೆ ಅದನ್ನು ನಂಬಿ ಗಿಡ ನೆಡುವಷ್ಟಿಲ್ಲ.

ಕಡಲತೀರದ ಗುಡ್ಡಗಳಲ್ಲಿ ಸಾಮಾನ್ಯವಾಗಿ ಸಿಗುವ ಮರಳುಮಿಶ್ರಿತ ಗೋಡುಮಣ್ಣು ಗರಸೇ ಇಲ್ಲದಿದ್ದರೆ ಒಂದು ಮೀಟರ್ ಆಳಕ್ಕೆ ಸುಮಾರು 120 ಮಿ.ಮೀ. ನೀರನ್ನು ಬೇರಿಗೆ ಸಿಗುವಂತೆ ಹಿಡಿದಿಡುತ್ತದೆ. ನಿಮ್ಮಲ್ಲಿ ಚಿರೇಕಲ್ಲು ಸಿಗುವ ತನಕ 60 ಸೆಂ.ಮೀ. ಮಣ್ಣಿದೆ, ಅದರಲ್ಲಿ ಗಾತ್ರದ ಲೆಕ್ಕದಲ್ಲಿ 40 ಶೇಕಡಾ ಗರಸಿದೆ ಎಂದಿಟ್ಟುಕೊಳ್ಳಿ. 120ನ್ನು 0.6ರಿಂದ ಗುಣಿಸಿದರೆ 72, ಅದರಲ್ಲಿ 40 ಶೇಕಡಾ ಕಳೆದರೆ ಉಳಿಯುವುದು 43 ಮಿ.ಮೀ. ಈ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬರುತ್ತದೆ. ಆದರೆ ಕೊನೆಯ ಮಳೆ ನಿಂತ ದಿನ ನಿಮ್ಮ ಮಣ್ಣಿನ ಪಾತ್ರೆಯಲ್ಲಿ ಉಳಿಯುವುದು ಆ 43 ಮಾತ್ರ. ಡಿಸೆಂಬರ್-ಜನವರಿಯ ಬಿಸಿಲು, ಗಾಳಿಗೆ ದಿನಕ್ಕೆ ನಾಲ್ಕರಿಂದ ಐದು ಮಿ.ಮೀ. ಖರ್ಚಾಗುತ್ತದೆ. ಹುಲ್ಲು ಮನಸೋ ಇಚ್ಛೆ ಕುಡಿದರೆ ಹತ್ತು ದಿನಕ್ಕೆ ಖಾಲಿ, ಕೈಬಿಗಿಹಿಡಿದು ಕುಡಿದರೆ ಮೂರು ವಾರ. ನವೆಂಬರಿನಲ್ಲಿ ಒಂದೆರಡು ಅಡ್ಡಮಳೆ ಬಂದರೆ ಡಿಸೆಂಬರ್ ತನಕ ಹಸಿರಿರುತ್ತದೆ, ಇಲ್ಲದಿದ್ದರೆ ಅದಕ್ಕೂ ಮುಂಚೆಯೇ ಕರಡ. ಜೂನ್-ಜುಲೈನಲ್ಲಿ ಎಷ್ಟು ಸುರಿದರೂ ಈ ಲೆಕ್ಕದಲ್ಲಿ ಒಂದು ಮಿಲಿಮೀಟರೂ ಹೆಚ್ಚುವುದಿಲ್ಲ.

ಈಗ ಚಳ್ಳಕೆರೆಯ ಕಾವಲನ್ನು ನೋಡಿ. ಅಲ್ಲಿ ವರ್ಷದ ಮಳೆಯೇ 500 ಮಿ.ಮೀ. ಆಸುಪಾಸು. ಅದೂ ಹತ್ತು, ಹದಿನೈದು, ಇಪ್ಪತ್ತು ಮಿ.ಮೀ.ಗಳ ಕಂತಿನಲ್ಲಿ, ನಡುನಡುವೆ ವಾರಗಟ್ಟಲೆ ಬಿಸಿಲು ಕೊಟ್ಟು ಬರುತ್ತದೆ. ಹತ್ತು ಮಿ.ಮೀ. ಮಳೆ ಒಣಗಿದ ಎರೆಮಣ್ಣಿನ ಮೇಲೆ ಬಿದ್ದರೆ ನೆನೆಯುವುದು ಮೇಲಿನ ಐದು ಸೆಂ.ಮೀ. ಮಾತ್ರ, ಮೂರ್ನಾಲ್ಕು ದಿನದ ಬಿಸಿಲಿಗೆ ಅದು ಆವಿಯಾಗಿ ಹೋಗುತ್ತದೆ. ಅದೇ ಹತ್ತು ಮಿ.ಮೀ. 35 ಶೇಕಡಾ ಗರಸಿರುವ ಕೆಂಪು ಮರಳುಗೋಡಿನ ಮೇಲೆ ಬಿದ್ದರೆ ಹದಿನಾಲ್ಕು ಸೆಂ.ಮೀ. ಆಳಕ್ಕೆ ಇಳಿಯುತ್ತದೆ. ಅಷ್ಟು ಆಳದ ನೀರನ್ನು ಬಿಸಿಲು ಸುಲಭವಾಗಿ ಎಳೆಯಲಾರದು, ಹುಲ್ಲಿನ ಬೇರು ಎಳೆಯುತ್ತದೆ. ಮೇಲೆ ಸಡಿಲವಾಗಿ ಹರಡಿಕೊಂಡ ಕಲ್ಲುಹರಳುಗಳು ಹನಿಯ ಹೊಡೆತ ತಡೆದು, ಆವಿಯಾಗುವುದನ್ನೂ ಕಡಿಮೆ ಮಾಡುತ್ತವೆ. ಕಡಿಮೆ ಮಳೆಯ ನಾಡಿನಲ್ಲಿ ಗರಸು ಮಣ್ಣಿನ ಹುಲ್ಲು ಜೇಡಿಮಣ್ಣಿನ ಹುಲ್ಲಿಗಿಂತ ಮೊದಲು ಚಿಗುರುವುದು ಹೀಗೆ. ಅಲ್ಲಿ ಮಣ್ಣು ಕೇವಲ 30 ಸೆಂ.ಮೀ. ಆಳವಿದ್ದು 20 ಮಿ.ಮೀ. ಹಿಡಿದರೂ ಸಾಕಾಗುತ್ತದೆ, ಏಕೆಂದರೆ ಬರುವ ಮಳೆಯೂ ಆ ಅಳತೆಯದೇ. ತುಂಬುತ್ತದೆ, ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ. ನಿಮ್ಮಲ್ಲಿ ನಾಲ್ಕು ತಿಂಗಳು ತುಂಬಿ ಚೆಲ್ಲಿ, ಆಮೇಲೆ ಆರೇಳು ತಿಂಗಳು ತುಂಬುವವರೇ ಇಲ್ಲ.

ಒಂದು ಎಚ್ಚರ: ಕಲ್ಲು ಸಡಿಲವಾಗಿ ಮೇಲೆ ಕೂತಿದ್ದರೆ ಮಾತ್ರ ಈ ಉಪಕಾರ. ದನ ತುಳಿದು ಗಟ್ಟಿಯಾದ ಹೆಪ್ಪಿನಲ್ಲಿ ಹುದುಗಿದ ಕಲ್ಲು ನೀರನ್ನು ಇಂಗಗೊಡದೆ ಹರಿಯಬಿಡುತ್ತದೆ. ನಿಮ್ಮ ಬೇಣದಲ್ಲೂ ದನದ ಹಾದಿಯ ಪಕ್ಕ ಇದನ್ನೇ ಕಾಣುತ್ತೀರಿ.

ಇನ್ನೊಂದು ವ್ಯತ್ಯಾಸ ರಸಾಯನದ್ದು. ಬಯಲುಸೀಮೆಯಲ್ಲಿ ಮಳೆ ಕಡಿಮೆ, ಹಾಗಾಗಿ ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್ ತೊಳೆದುಹೋಗದೆ ಉಳಿದಿರುತ್ತವೆ. ಎಷ್ಟೋ ಕಡೆ ಗರಸಿನ ಜೊತೆ ಸುಣ್ಣಕಲ್ಲಿನ ಹರಳೇ ಸಿಗುತ್ತದೆ, ರಸಸಾರ (ಪಿಎಚ್) 7.5ರಿಂದ 8.5. ನಿಮ್ಮದು ಸಾವಿರಾರು ಮಳೆಗಾಲಗಳು ತೊಳೆದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳನ್ನಷ್ಟೇ ಬಿಟ್ಟ ಮಣ್ಣು. ರಸಸಾರ ಸಾಮಾನ್ಯವಾಗಿ 5ರಿಂದ 5.8, ಪೋಷಕಾಂಶ ಹಿಡಿದುಕೊಳ್ಳುವ ಶಕ್ತಿ ತೀರಾ ಕಡಿಮೆ, ಹಾಕಿದ ರಂಜಕವನ್ನು ಕಬ್ಬಿಣವೇ ಕಚ್ಚಿ ಕೂರುತ್ತದೆ. ಅಂಜನ್ ಹುಲ್ಲಿಗೆ ಬೇಕಾದದ್ದು ತಟಸ್ಥದಿಂದ ತುಸು ಕ್ಷಾರ ಮಣ್ಣು. ಹುಳಿಮಣ್ಣಿನ ಅಲ್ಯೂಮಿನಿಯಂ ಅದರ ಬೇರಿಗೆ ವಿಷ, ಜುಲೈನ ಜೌಗೂ ಆಗಿಬರುವುದಿಲ್ಲ. ಮೊಳಕೆ ಬರಬಹುದು, ಮೊದಲ ಮಳೆಗಾಲ ದಾಟಿಸುವುದು ಕಷ್ಟ. ಆ ಬೀಜಕ್ಕೆ ದುಡ್ಡು ಹಾಕಬೇಡಿ.

‘ನೀರು ನಿಲ್ಲುವುದಿಲ್ಲ’ ಎಂದಿರಿ. ಅದನ್ನು ಅರ್ಧ ಒಪ್ಪುತ್ತೇನೆ. ಮೇಲ್ಮೈಯಲ್ಲಿ ನಿಲ್ಲುವುದಿಲ್ಲ, ಸರಿ. ಕೆಳಗೆ ಚಿರೇಕಲ್ಲಿನ ಹಾಸಿದ್ದರೆ ಜುಲೈ-ಆಗಸ್ಟಿನಲ್ಲಿ ಅದರ ಮೇಲೆ ನೀರು ಕಟ್ಟಿ, ಇಳಿಜಾರಿನ ಗುಂಟ ನಿಧಾನ ಸರಿದು, ಗುಡ್ಡದ ಅಂಚಿನಲ್ಲಿ ಒರತೆಯಾಗಿ ಹೊರಬರುತ್ತದೆ. ಅಂದರೆ ಗಿಡದ ಬೇರು ಮಳೆಗಾಲದಲ್ಲಿ ಉಸಿರುಕಟ್ಟಿ, ಬೇಸಿಗೆಯಲ್ಲಿ ಬಾಯಾರಿ, ಎರಡು ಸಲ ಸೋಲುತ್ತದೆ. ಇದು ಬಯಲುಸೀಮೆಯ ಗರಸಿಗೆ ಅಷ್ಟಾಗಿ ಇಲ್ಲದ ಕಾಟ. ಹಾಗಾಗಿ ಮೊದಲು ಗುಂಡಿ ತೆಗೆದು ನೋಡಿ.

ನವೆಂಬರ್ ಕೊನೆಗೆ, ಬೇಣದ ಮೇಲಿನ ಭಾಗ, ನಡು, ಕೆಳಗಿನ ಅಂಚು ಹೀಗೆ ಮೂರು ಕಡೆ, 60 ಸೆಂ.ಮೀ. ಚೌಕ, ಒಂದು ಮೀಟರ್ ಅಥವಾ ಕಲ್ಲು ಸಿಗುವಷ್ಟು ಆಳ. ಗೋಡೆಯನ್ನು ಪಿಕಾಸಿಯ ತುದಿಯಿಂದ ಕೆದರಿ. ಹುಲ್ಲಿನ ಬೇರು ಎಲ್ಲಿಗೆ ನಿಂತಿದೆ, ಗರಸು ಎಲ್ಲಿ ದಟ್ಟವಾಗುತ್ತದೆ, ಹಾಸುಕಲ್ಲು ಒಂದೇ ಪದರವೋ ಸೀಳು ಬಿಟ್ಟಿದೆಯೋ ಎಂದು ಗುರುತು ಹಾಕಿಕೊಳ್ಳಿ. ಕಲ್ಲಿನ ಮೇಲಿನ ಮಣ್ಣಿನಲ್ಲಿ ಬೂದು ಮತ್ತು ಹಳದಿ ಕಲೆಗಳಿದ್ದರೆ ಅಲ್ಲಿ ಮಳೆಗಾಲದಲ್ಲಿ ನೀರು ಕಟ್ಟುತ್ತದೆ ಎಂದರ್ಥ. ಪೂರ್ತಿ ಕೆಂಪಿದ್ದರೆ ಕಟ್ಟುವುದಿಲ್ಲ. ಈ ಒಂದು ಗುರುತು ಯಾವ ಲ್ಯಾಬ್ ವರದಿಯಲ್ಲೂ ಬರುವುದಿಲ್ಲ.

ಗರಸಿನ ಪ್ರಮಾಣ ತಿಳಿಯಲು ಪ್ರತಿ ಗುಂಡಿಯಿಂದ ಐದು ಕೆ.ಜಿ. ಮಣ್ಣು ತೆಗೆದು ನೆರಳಲ್ಲಿ ಒಣಗಿಸಿ, ಹೆಂಟೆಗಳನ್ನು ಮರದ ಕೊಡತಿಯಿಂದ ಒಡೆಯಿರಿ. ಕಬ್ಬಿಣದ ಸುತ್ತಿಗೆ ಬೇಡ, ಮೆತ್ತಗಿನ ಜಂಬಿಟ್ಟಿಗೆ ಹರಳೂ ಪುಡಿಯಾಗಿ ಲೆಕ್ಕ ತಪ್ಪುತ್ತದೆ. 2 ಮಿ.ಮೀ. ಕಣ್ಣಿನ ಜರಡಿ ಹಿಡಿಯಿರಿ. ಮೇಲೆ ಉಳಿದ ಗರಸನ್ನು ನೀರಿನಲ್ಲಿ ಉಜ್ಜಿ ತೊಳೆದು, ಒಣಗಿಸಿ, ತೂಗಿ. ತೊಳೆಯದಿದ್ದರೆ ಹರಳಿಗೆ ಅಂಟಿದ ಜೇಡಿಯೂ ಕಲ್ಲಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಐದರಲ್ಲಿ ಮೂರು ಕೆ.ಜಿ. ಗರಸು ಬಂತೆನ್ನಿ. ತೂಕದಲ್ಲಿ ಅದು 60 ಶೇಕಡಾ. ಆದರೆ ನೀರಿನ ಲೆಕ್ಕಕ್ಕೆ ಬೇಕಾದದ್ದು ಗಾತ್ರ. ಕಬ್ಬಿಣದ ಅಂಶವಿರುವ ಈ ಹರಳು ಭಾರ, ಲೀಟರಿಗೆ ಸುಮಾರು 2.8 ಕೆ.ಜಿ. ತೂಗುತ್ತದೆ. ಸಣ್ಣ ಮಣ್ಣು ನೆಲದಲ್ಲಿದ್ದಾಗ ಲೀಟರಿಗೆ 1.25 ಕೆ.ಜಿ. ಅಷ್ಟೆ. ಮೂರು ಕೆ.ಜಿ. ಗರಸು ಸುಮಾರು 1.07 ಲೀಟರ್ ಜಾಗ ಹಿಡಿದರೆ, ಎರಡು ಕೆ.ಜಿ. ಮಣ್ಣು 1.6 ಲೀಟರ್. ಹಾಗಾಗಿ ಗಾತ್ರದಲ್ಲಿ ಗರಸು 40 ಶೇಕಡಾ. ಹಲವರು ತೂಕದ ಅಂಕಿಯನ್ನೇ ಹಿಡಿದು ‘ಮಣ್ಣೇ ಇಲ್ಲ’ ಎಂದು ಕೈಬಿಡುತ್ತಾರೆ. ಹರಳಿನ ಗಾತ್ರವನ್ನು ನೇರವಾಗಿಯೇ ಅಳೆಯಬೇಕಿದ್ದರೆ, ಒಂದು ರಾತ್ರಿ ನೆನೆಸಿಟ್ಟ ಗರಸನ್ನು ಅಳತೆಗೆರೆ ಇರುವ ಪಾತ್ರೆಯ ನೀರಿಗೆ ಹಾಕಿ, ನೀರು ಎಷ್ಟು ಏರಿತು ನೋಡಿ.

ಇಂಗುವ ವೇಗಕ್ಕೆ ಸರಳ ಪರೀಕ್ಷೆ: 30 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಕುಣಿ ತೋಡಿ, ತುಂಬ ನೀರು ಹಾಕಿ ಪೂರ್ತಿ ಇಳಿಯಲು ಬಿಡಿ. ಮತ್ತೆ ತುಂಬಿ. ಮೂರನೆಯ ಸಲ ತುಂಬಿದಾಗ ಮಾತ್ರ ಅಳತೆಕೋಲು ನಿಲ್ಲಿಸಿ ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತು ಎಂದು ಬರೆದುಕೊಳ್ಳಿ. ಒಣ ಮಣ್ಣಿನಲ್ಲಿ ಮೊದಲ ಸಲ ಅಳೆದರೆ ಯಾವ ಮಣ್ಣಾದರೂ ‘ಬೇಗ ಇಳಿಯುವ ಮಣ್ಣು’ ಅನ್ನಿಸುತ್ತದೆ. ಗಂಟೆಗೆ 15 ಸೆಂ.ಮೀ. ಮೀರಿದರೆ ನೀರಿಳಿತ ನಿಜಕ್ಕೂ ಬಹಳ ಜೋರು, 5ರಿಂದ 15 ಇದ್ದರೆ ಸಾಧಾರಣ ಜೋರು, 2ಕ್ಕಿಂತ ಕಡಿಮೆಯಾದರೆ ಕೆಳಗೆ ಏನೋ ತಡೆ ಇದೆ. ಕುಣಿಯಿಂದ ನೀರು ಪಕ್ಕಕ್ಕೂ ಹೋಗುವುದರಿಂದ ಈ ಅಂಕಿ ಸ್ವಲ್ಪ ಹಿಗ್ಗಿರುತ್ತದೆ. ಮೂರೂ ಜಾಗಗಳನ್ನು ಹೋಲಿಸಲು ಅಡ್ಡಿಯಿಲ್ಲ.

ಇನ್ನು ನಿಮ್ಮ ವರದಿಯ ‘ಮಧ್ಯಮ’. ಪ್ರಯೋಗಾಲಯದಲ್ಲಿ ಮೊದಲ ಕೆಲಸವೇ ಮಣ್ಣನ್ನು 2 ಮಿ.ಮೀ. ಜರಡಿಯಲ್ಲಿ ಹಿಡಿದು ಗರಸನ್ನು ಎಸೆಯುವುದು. ಉಳಿದ ಮಣ್ಣಿನಲ್ಲಿ ಅಳೆದದ್ದನ್ನು ಹೆಕ್ಟೇರಿಗೆ ಬದಲಿಸುವಾಗ ಮೇಲಿನ 15 ಸೆಂ.ಮೀ.ನಲ್ಲಿ 22.4 ಲಕ್ಷ ಕೆ.ಜಿ. ಮಣ್ಣಿದೆ ಎಂದು ಹಿಡಿದು ಗುಣಿಸುವುದು ವಾಡಿಕೆ. ನಿಮ್ಮಲ್ಲಿ ಅಷ್ಟು ಮಣ್ಣಿಲ್ಲ. 1500 ಘನ ಮೀಟರಿನಲ್ಲಿ 40 ಶೇಕಡಾ ಗರಸು ತೆಗೆದರೆ 900, ಅದನ್ನು 1.25ರಿಂದ ಗುಣಿಸಿದರೆ ಸುಮಾರು 11 ಲಕ್ಷ ಕೆ.ಜಿ., ಅಂದರೆ ಅರ್ಧ. ವರದಿಯಲ್ಲಿ ಪೊಟ್ಯಾಷ್ ಹೆಕ್ಟೇರಿಗೆ 200 ಕೆ.ಜಿ. ಎಂದಿದ್ದರೆ ನೆಲದಲ್ಲಿರುವುದು 100. ಅದು ‘ಮಧ್ಯಮ’ ಅಲ್ಲ, ‘ಕಡಿಮೆ’. ಗಿಡ ಏಳದ್ದಕ್ಕೆ ಇದೊಂದು ಕಾರಣ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಬೇರೆಲ್ಲಿಗೋ ಮಾದರಿ ಕೊಡುವಾಗ ಗರಸಿನ ಶೇಕಡಾವಾರನ್ನು ಚೀಟಿಯಲ್ಲಿ ಬರೆದೇ ಕೊಡಿ. ಸುಣ್ಣದ ಶಿಫಾರಸಿಗೂ ಇದೇ ತಿದ್ದುಪಡಿ ಬೇಕು, ಆದರೆ ಉಲ್ಟಾ ಪರಿಣಾಮದೊಂದಿಗೆ: ಎಕರೆಗೆ ಒಂದು ಟನ್ ಎಂದರೆ ನಿಮಗೆ ಅರ್ಧ ಟನ್ ಸಾಕು. ಪೂರ್ತಿ ಹಾಕಿದರೆ ಇರುವ ಚೂರು ಮಣ್ಣಿಗೆ ಸುಣ್ಣ ಅತಿಯಾಗಿ, ಸತು ಮತ್ತು ಬೋರಾನ್ ಸಿಗದಂತಾಗುತ್ತವೆ.

ಕೆರೆಗೋಡಿನ ವಿಷಯ ಹೇಳಿಬಿಡುತ್ತೇನೆ. ಒಂದು ಎಕರೆಗೆ ಐದು ಸೆಂ.ಮೀ. ದಪ್ಪ ಹರಡಲು 200 ಘನ ಮೀಟರ್ ಬೇಕು. ಮೂರು ಘನ ಮೀಟರ್ ಹಿಡಿಯುವ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಅರವತ್ತೇಳು ಲೋಡು. ಗುಡ್ಡ ಹತ್ತಿಸುವ ಬಾಡಿಗೆ ನೀವೇ ಲೆಕ್ಕ ಹಾಕಿ. ಹರಡಿದ್ದೂ ಮೊದಲ ಜೂನ್ ಮಳೆಗೆ ಹಳ್ಳ ಸೇರುತ್ತದೆ. ಬಯಲುಸೀಮೆಯಲ್ಲಿ ಸಮತಟ್ಟಾದ ಹೊಲ, ಹತ್ತಿರದ ಕೆರೆ, ತೆಳುಮಳೆ ಇರುವುದರಿಂದ ಆ ಕೆಲಸ ಅಲ್ಲಿ ಲಾಭದ್ದು. ನಿಮ್ಮಲ್ಲಿ ಗೋಡುಮಣ್ಣು ಗಿಡದ ಗುಂಡಿಗೆ ಮಾತ್ರ. ಅಘನಾಶಿನಿ ದಂಡೆಯ ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಮಣ್ಣು ಹತ್ತಿರ ಸಿಗುತ್ತದೆಂದು ತರಲೇಬೇಡಿ, ಅದರಲ್ಲಿ ಉಪ್ಪಿರುತ್ತದೆ. ಗರಸನ್ನು ಆರಿಸಿ ತೆಗೆಯುವ ಯೋಚನೆಯೂ ಬೇಡ. ಇಳಿಜಾರಿನಲ್ಲಿ ಮೇಲ್ಗಡೆಯ ಹರಳಿನ ಹೊದಿಕೆಯೇ ಈಗ ನಿಮ್ಮ ಉಳಿದ ಮಣ್ಣನ್ನು ಕಾಯುತ್ತಿದೆ.

ಮೇವಿಗೆ ಬರೋಣ. 300 ಕೆ.ಜಿ. ತೂಕದ ದನಕ್ಕೆ ದಿನಕ್ಕೆ ಏಳೆಂಟು ಕೆ.ಜಿ. ಒಣ ಲೆಕ್ಕದ ಮೇವು ಬೇಕು. ನಾಲ್ಕಕ್ಕೆ ದಿನಕ್ಕೆ 30, ವರ್ಷಕ್ಕೆ ಹನ್ನೊಂದು ಟನ್. ಇಂಥ ಬೇಣದಲ್ಲಿ ಚೆನ್ನಾಗಿ ಕಾದುಕೊಂಡರೂ ಎಕರೆಗೆ ಒಂದರಿಂದ ಒಂದೂವರೆ ಟನ್ ಒಣಹುಲ್ಲು ಬಂದರೆ ಹೆಚ್ಚು. ಎರಡೂವರೆ ಎಕರೆಯಿಂದ ನಾಲ್ಕು ದನಕ್ಕೆ ಮೂರು-ನಾಲ್ಕು ತಿಂಗಳ ಮೇವು, ಅಷ್ಟೇ. ಉಳಿದದ್ದಕ್ಕೆ ಗದ್ದೆಯ ಹುಲ್ಲು, ತೋಟದ ಹಸಿರು ಇರಬೇಕು. ವರ್ಷವಿಡೀ ಮೇವು ಎಂಬ ಭರವಸೆಯನ್ನು ಯಾರಾದರೂ ಕೊಟ್ಟರೆ ಅವರು ಬೇಸಿಗೆಯಲ್ಲಿ ಗುಡ್ಡ ಹತ್ತಿದವರಲ್ಲ.

ಇರುವ ಹುಲ್ಲನ್ನು ಸರಿಯಾಗಿ ನಡೆಸಿಕೊಳ್ಳುವುದರಿಂದಲೇ ಹೆಚ್ಚಿನ ಲಾಭ. ಜೂನ್ ಮೊದಲ ಮಳೆಗೆ ಚಿಗುರು ಕಂಡ ಕೂಡಲೇ ದನ ಬಿಡುವುದು ಇಲ್ಲಿನ ದೊಡ್ಡ ನಷ್ಟ. ಹಿಂದಿನ ವರ್ಷದ ಬುಡದಲ್ಲಿ ಕೂಡಿಟ್ಟ ಶಕ್ತಿಯಿಂದ ಆ ಚಿಗುರು ಬಂದಿರುತ್ತದೆ, ಅದನ್ನು ಮೇಯಿಸಿದರೆ ಬೇರು ಕುಗ್ಗುತ್ತದೆ. ಬೇರು ಕುಗ್ಗಿದರೆ 60 ಸೆಂ.ಮೀ.ನ ನೀರಿನಲ್ಲಿ 20 ಸೆಂ.ಮೀ.ನದಷ್ಟೇ ಹುಲ್ಲಿಗೆ ಎಟಕುತ್ತದೆ. ಹುಲ್ಲು 20-25 ಸೆಂ.ಮೀ. ಏರುವ ತನಕ, ಅಂದರೆ ಜುಲೈ ನಡುವಿನವರೆಗೆ, ದನ ಕಟ್ಟಿ ಮೇಯಿಸಿ. ಬೇಣವನ್ನು ಮೂರು ಭಾಗ ಮಾಡಿ ಸರದಿಯಲ್ಲಿ ಬಿಟ್ಟರೆ ಇನ್ನೂ ಒಳ್ಳೆಯದು. ಪ್ರತಿ ವರ್ಷ ಒಂದು ಭಾಗ ಬೀಜ ಉದುರುವ ತನಕ ಮುಟ್ಟದೆ ಇರಲಿ.

ಕೊಯ್ಲಿನ ಹೊತ್ತೂ ಮುಖ್ಯ. ಡಿಸೆಂಬರಿನಲ್ಲಿ ಕೊಯ್ದ ಕರಡ ಕೊಟ್ಟಿಗೆಯ ಹಾಸಿಗೆಗೆ, ತೋಟದ ಮುಚ್ಚಿಗೆಗೆ ಸರಿ. ಮೇವಿಗಾದರೆ ಅಕ್ಟೋಬರಿನಲ್ಲಿ, ತೆನೆ ಹೊರಟು ಊಬು ಗಟ್ಟಿಯಾಗುವ ಮುಂಚೆ, ನೆಲದಿಂದ ಎಂಟು-ಹತ್ತು ಸೆಂ.ಮೀ. ಬಿಟ್ಟು ಕೊಯ್ಯಿರಿ. ಎರಡು ಬಿಸಿಲು ಸಾಕು, ಹಸಿರು ಬಣ್ಣ ಉಳಿಯುವಂತೆ ಒಣಗಿಸಿ ಬಣವೆ ಹಾಕಿ. ಸಮಸ್ಯೆ ಎಂದರೆ ಅಕ್ಟೋಬರಿನ ಮಧ್ಯಾಹ್ನದ ಗುಡುಗುಮಳೆ. ಕೊಯ್ದದ್ದನ್ನು ಅದೇ ದಿನ ಸಣ್ಣ ಗುಪ್ಪೆ ಮಾಡಿ ಟಾರ್ಪಾಲು ಹೊದಿಸುವ ಏರ್ಪಾಡಿದ್ದರೆ ಮಾತ್ರ ಕೈ ಹಾಕಿ. ಬೆಂಕಿ ಹಾಕುವ ಪದ್ಧತಿಯನ್ನಂತೂ ಬಿಟ್ಟುಬಿಡಿ. ಎಳೆ ಚಿಗುರು ಸಿಗುತ್ತದೆ ನಿಜ, ಆದರೆ ಬೋಳು ಗರಸಿನ ಮೇಲೆ ಬೀಳುವ ಜೂನ್ ಮಳೆ ಸಣ್ಣ ಮಣ್ಣನ್ನು ಬಸಿದು ಒಯ್ಯುತ್ತದೆ. ನಿಮ್ಮ 43 ಮಿ.ಮೀ. ಇರುವುದು ಆ ಸಣ್ಣ ಮಣ್ಣಿನಲ್ಲೇ.

ಹೊಸ ಮೇವು ಸೇರಿಸುವುದಿದ್ದರೆ ಹುಳಿಮಣ್ಣು ತಾಳುವ ಜಾತಿಗಳು ಎರಡು. ಒಂದು ಬ್ರಾಕಿಯೇರಿಯಾ, ಅದರಲ್ಲೂ ಕಾಂಗೋ ಸಿಗ್ನಲ್. ಬೇರುಸಹಿತ ಸೀಳಿದ ಬುಡಗಳನ್ನು ಜೂನ್ ಕೊನೆಗೆ ಸಾಲಿನಿಂದ ಸಾಲಿಗೆ 40, ಬುಡದಿಂದ ಬುಡಕ್ಕೆ 20 ಸೆಂ.ಮೀ. ಅಂತರದಲ್ಲಿ, ಇಳಿಜಾರಿಗೆ ಅಡ್ಡಲಾಗಿ ನೆಡಿ. ಬೇಣದ ಕೆಳಗಿನ ಮೂರನೆಯ ಒಂದು ಭಾಗಕ್ಕೆ ಮಾತ್ರ ಸಾಕು, ಅಲ್ಲಿ ಮಣ್ಣು ಆಳ, ತೇವವೂ ಹೆಚ್ಚು. ಕುರಿ-ಆಡುಗಳಿಗೆ ಈ ಜಾತಿಯ ಹುಲ್ಲನ್ನೇ ದಿನವೂ ತಿನ್ನಿಸಿದರೆ ಬಿಸಿಲಿಗೆ ಮುಖದ ಚರ್ಮ ಊದಿಕೊಳ್ಳುವ ತೊಂದರೆ ಬರಬಹುದು. ದನಗಳಿಗೂ ಬೇರೆ ಮೇವಿನ ಜೊತೆ ಬೆರೆಸಿಯೇ ಕೊಡಿ. ಎರಡನೆಯದು ಸ್ಟೈಲೊ, ದ್ವಿದಳ ಜಾತಿ, ತನ್ನ ಸಾರಜನಕವನ್ನು ತಾನೇ ಕಟ್ಟಿಕೊಳ್ಳುತ್ತದೆ. ಕರಾವಳಿಗೆ ಗಯಾನೆನ್ಸಿಸ್ ಜಾತಿ ಕೇಳಿ ತನ್ನಿ. ಬಯಲುಸೀಮೆಯಲ್ಲಿ ಹೆಚ್ಚು ಮಾರುವ ಹಮಾಟಾ ಇಲ್ಲಿ ಅಷ್ಟಾಗಿ ಏಳದು. ಎಕರೆಗೆ ಎರಡು-ಮೂರು ಕೆ.ಜಿ. ಬೀಜ. ಸಿಪ್ಪೆ ಗಟ್ಟಿ, ಹಾಗೇ ಚೆಲ್ಲಿದರೆ ಮುಕ್ಕಾಲು ಪಾಲು ಮೊಳೆಯದು. 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕು ನಿಮಿಷ ಅದ್ದಿ, ತಣ್ಣೀರಿನಲ್ಲಿ ರಾತ್ರಿ ನೆನೆಸಿ, ನೆರಳಲ್ಲಿ ಆರಿಸಿ. ಕುದಿಯುವ ನೀರಾದರೆ ಬೀಜ ಬೆಂದೇ ಹೋಗುತ್ತದೆ. ಒಂದು ಸೆಂ.ಮೀ.ಗಿಂತ ಆಳಕ್ಕೆ ಹೂಳಬೇಡಿ. ಇಳಿಜಾರಿಗೆ ಅಡ್ಡವಾಗಿ ಪಿಕಾಸಿಯಿಂದ ಗೀರೆಳೆದು ಮರಳಿನೊಂದಿಗೆ ಬೆರೆಸಿ ಉದುರಿಸಿದರೆ ಜಡಿಮಳೆಗೆ ತೊಳೆದುಹೋಗುವುದು ಕಡಿಮೆ. ಮೇ ಕೊನೆಯ ಅಡ್ಡಮಳೆಗೆ ಬಿತ್ತಿ ಮಳೆಗಾಲ ಜೋರಾಗುವ ಮುಂಚೆ ಬೇರು ಕಚ್ಚಿಸುವುದು ಸರಿಯಾದ ಹೊತ್ತು. ನೇಪಿಯರ್ ತಳಿಗಳು ನೀರು ಕೊಡುವವರಿಗೆ, ನಿಮ್ಮ ಗುಡ್ಡಕ್ಕಲ್ಲ.

ಗೇರು ಹಾಕಬಹುದೇ? ಹಾಸುಕಲ್ಲಿನಲ್ಲಿ ಸೀಳಿದ್ದರೆ ಹಾಕಬಹುದು, ಗೇರಿನ ಬೇರು ಸೀಳು ಹುಡುಕಿ ಇಳಿಯುತ್ತದೆ. ಅಂದಾಜಿಗೆ ಹೀಗೆ ಹಿಡಿಯಿರಿ: ನೀರಿನ ಲೆಕ್ಕ 25 ಮಿ.ಮೀ.ಗಿಂತ ಕಡಿಮೆ ಬಂದ ಜಾಗ ಹುಲ್ಲಿಗೇ ಇರಲಿ, 25ರಿಂದ 50 ಇದ್ದಲ್ಲಿ ಗುಂಡಿ ಸರಿಮಾಡಿ ಗೇರು, 70 ದಾಟಿದರೆ ಮಾವು, ಹಲಸು, ಮುರುಗಲ ಯೋಚಿಸಬಹುದು. ನಿಮ್ಮದು 43 ಬಂದರೆ ಮೇಲಿನ ಅರ್ಧಕ್ಕೆ ಹುಲ್ಲು, ಆಳ ಇರುವಲ್ಲಿ ಗೇರು ಎಂಬ ಹೊಂದಾಣಿಕೆಯೇ ನನಗೆ ಸರಿ ಕಾಣುತ್ತದೆ. ಅಕೇಶಿಯಾ ನೆಟ್ಟರೆ ಬದುಕುತ್ತದೆ, ಆದರೆ ಅದರ ಬುಡದಲ್ಲಿ ಹುಲ್ಲು ಬಾರದು.

ಗುಂಡಿ ಗರಸಿನಲ್ಲಾದರೆ 60 ಸೆಂ.ಮೀ. ಘನ, ಚಿರೇಕಲ್ಲು ತಾಗಿದರೆ ಒಂದು ಮೀಟರ್ ಘನ. ಅಂತರ ಎಂಟು ಮೀಟರ್. ಇಲ್ಲಿಯೇ ಹೆಚ್ಚಿನವರ ಗಿಡ ಸಾಯುವುದು. ಹಾಸುಕಲ್ಲಿನಲ್ಲಿ ನಾಲ್ಕು ಗೋಡೆ ಕೆತ್ತಿ ಒಳ್ಳೆಯ ಮಣ್ಣು ತುಂಬಿದರೆ ಸುತ್ತಲಿನ ನೀರೆಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ, ಜುಲೈನಲ್ಲಿ ಬೇರು ಕೊಳೆಯುತ್ತದೆ. ಗಿಡ ಅಕ್ಟೋಬರಿನಲ್ಲಿ ಒಣಗಿದಾಗ ‘ನೀರು ಸಾಲಲಿಲ್ಲ’ ಎಂದುಕೊಳ್ಳುತ್ತೇವೆ. ಗುಂಡಿಯ ತಳವನ್ನು ಹಾರೆಯಿಂದ ಸೀಳು ಸಿಗುವ ತನಕ ಒಡೆಯಿರಿ, ಅಥವಾ ಇಳಿಜಾರಿನ ಕಡೆಯ ಗೋಡೆಯನ್ನು ತಳದ ತನಕ ಕಡಿದು ಹೊರದಾರಿ ಬಿಡಿ. ತುಂಬುವಾಗ ತೆಗೆದ ಗರಸಿನಲ್ಲಿ ಮೂರನೆಯ ಒಂದು ಪಾಲು ವಾಪಸು ಹಾಕಿ. ಮಿಕ್ಕದ್ದು ಸುತ್ತಲ ಮೇಲ್ಮಣ್ಣು, 10ರಿಂದ 15 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 200 ಗ್ರಾಂ ಶಿಲಾರಂಜಕ (ರಾಕ್ ಫಾಸ್ಫೇಟ್). ಹುಳಿಮಣ್ಣಿನಲ್ಲಿ ಶಿಲಾರಂಜಕ ನಿಧಾನವಾಗಿ ಕರಗಿ ಸಿಗುತ್ತದೆ, ಸೂಪರ್ ಫಾಸ್ಫೇಟ್ ಬೇಗ ಕಬ್ಬಿಣಕ್ಕೆ ಅಂಟುತ್ತದೆ. ಮಣ್ಣನ್ನು ನೆಲಮಟ್ಟಕ್ಕಿಂತ 15 ಸೆಂ.ಮೀ. ಎತ್ತರಿಸಿ, ಅದು ಮಳೆಗೆ ಕುಸಿದು ಸಮ ಆಗುತ್ತದೆ. ಕಸಿ ಗಂಟು ಮಣ್ಣಿಗಿಂತ ಮೇಲಿರಲಿ. ಜೂನ್ ನಡುವಿನಿಂದ ಜುಲೈ ಮೊದಲ ವಾರದೊಳಗೆ ನೆಟ್ಟರೆ ಅಕ್ಟೋಬರಿಗೆ ಬೇರು ಇಳಿದಿರುತ್ತದೆ. ಆಗಸ್ಟ್ ಕೊನೆಯ ನೆಡುವಿಕೆ ಬೇಡ.

ಸಾರಜನಕ, ಪೊಟ್ಯಾಷ್ ಜೂನ್-ಜುಲೈನಲ್ಲಿ ಕೊಟ್ಟರೆ ಒರತೆಗೆ ಹೋಗುತ್ತದೆ. ಮೊದಲ ಕಂತನ್ನು ಮೇ ಕೊನೆಯ ಹದಮಳೆಗೆ ಸ್ವಲ್ಪವೇ, ದೊಡ್ಡ ಕಂತನ್ನು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವೆ, ಮಳೆ ಇಳಿಮುಖವಾದಾಗ ಕೊಡಿ.

ಬೇಸಿಗೆಯ ನೀರು. ಮೊದಲ ವರ್ಷದ ಗಿಡದ ಬೇರು 60 ಸೆಂ.ಮೀ. ಅಗಲ, 40 ಸೆಂ.ಮೀ. ಆಳ ಹರಡಿರುತ್ತದೆ ಎನ್ನಿ. ಅಷ್ಟು ಮಣ್ಣು, 40 ಶೇಕಡಾ ಗರಸಿನೊಂದಿಗೆ, ಪೂರ್ತಿ ಒಣಗಿದ್ದರೂ ಎಂಟು ಲೀಟರ್ ಹಿಡಿಯುತ್ತದೆ. ವಾರಕ್ಕೊಮ್ಮೆ ಕೊಡಪಾನದಲ್ಲಿ ಇಪ್ಪತ್ತು ಲೀಟರ್ ಹೊತ್ತು ಸುರಿದರೆ ಹನ್ನೆರಡು ಲೀಟರ್ ಕೆಳಗೆ ಹೋಯಿತು, ಗಿಡಕ್ಕೆ ನಾಲ್ಕನೇ ದಿನದಿಂದ ಬಾಯಾರಿಕೆ. ಅದೇ ನೀರನ್ನು ಎರಡು-ಮೂರು ದಿನಕ್ಕೊಮ್ಮೆ ಐದು-ಆರು ಲೀಟರಿನಂತೆ ಕೊಡಿ. ಕೆಳಗೆ ತೂತು ಮಾಡಿ ಬತ್ತಿ ಇಟ್ಟ ಮಣ್ಣಿನ ಗಡಿಗೆಯನ್ನು ಬುಡದ ಪಕ್ಕ ಹೂತರೂ ಆದೀತು. ಸುತ್ತ ಹತ್ತು ಸೆಂ.ಮೀ. ದಪ್ಪ ಕರಡ ಅಥವಾ ತರಗೆಲೆ ಹೊದಿಸಿ, ಕಾಂಡದಿಂದ ಒಂದು ಗೇಣು ಬಿಟ್ಟು. ಕಾಂಡಕ್ಕೆ ತಾಗಿಸಿದರೆ ಒರಲೆ ಹತ್ತುತ್ತದೆ. ನೈಋತ್ಯ ದಿಕ್ಕಿಗೆ ಒಂದು ತಟ್ಟಿಯ ನೆರಳು ಮಾರ್ಚಿನಲ್ಲಿ ಎರಡು ನೀರಿನಷ್ಟು ಉಳಿಸುತ್ತದೆ. ಸಾವಯವ ಗೊಬ್ಬರ ಹಾಕುತ್ತ ಹೋದರೆ ಮಣ್ಣೇ ನೀರು ಹಿಡಿಯುವಂತಾಗುತ್ತದೆ ಎಂಬ ಮಾತಿದೆ. ಪೋಷಕಾಂಶ ಹಿಡಿಯಲು ಅದು ಖಂಡಿತ ಬೇಕು. ಆದರೆ ನೀರಿನ ಲೆಕ್ಕದಲ್ಲಿ ವರ್ಷಗಳ ಶ್ರಮಕ್ಕೂ ಎರಡು-ಮೂರು ಮಿ.ಮೀ. ಸೇರಬಹುದು, ಹೆಚ್ಚಿನದನ್ನು ಎಣಿಸಬೇಡಿ.

ಕೊನೆಗೆ ಇಂಗುಗುಂಡಿ. ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಬಯಲುಸೀಮೆಯಲ್ಲಿ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ತೋಡಿದ ಸಮಪಾತಳಿ ಗುಂಡಿ ಹರಿಯುವ ನೀರನ್ನು ನಿಲ್ಲಿಸಿ ಹುಲ್ಲಿಗೆ ಕುಡಿಸುತ್ತದೆ. ನಿಮ್ಮ ಮಣ್ಣು ಮಳೆಗಾಲವಿಡೀ ತುಂಬಿಯೇ ಇರುವುದರಿಂದ ಗುಂಡಿಯಿಂದ ನಿಮ್ಮ ಹುಲ್ಲಿಗೆ ಜನವರಿಯಲ್ಲಿ ಹನಿಯೂ ಹೆಚ್ಚುವುದಿಲ್ಲ. ಕೆಳಗಿನ ಬಾವಿಗೆ, ಒರತೆಗೆ ಪ್ರಯೋಜನವಾದೀತು. ಹಾಗೆ ಮಾಡುವುದಾದರೆ ಮೇಲಿನ ಸಮತಟ್ಟಿನಲ್ಲಿ ಎರಡು ಮೀಟರ್ ಉದ್ದ, ಅರ್ಧ ಮೀಟರ್ ಅಗಲ-ಆಳದ ಗುಂಡಿಗಳನ್ನು ಓರೆಕೋರೆಯಾಗಿ ತೋಡಿ. ತೆಗೆದ ಮಣ್ಣನ್ನು ಕೆಳಬದಿಗೆ ಏರಿ ಹಾಕಿ ಅದರ ಮೇಲೆ ಸ್ಟೈಲೊ ಬಿತ್ತಿ. ಕಡಿದಾದ ಇಳಿಜಾರಿನಲ್ಲಿ, ಗುಡ್ಡ ಕಡಿದು ರಸ್ತೆಯೋ ಮನೆಯೋ ಮಾಡಿದ ಜಾಗದ ಮೇಲ್ಗಡೆ, ಅಥವಾ ಕೆಂಪು ಹಾಸಿನ ಕೆಳಗೆ ಬಿಳಿ ಶೇಡಿಮಣ್ಣು (ನುಣುಪಾದ ಜೇಡಿ) ಕಾಣುವಲ್ಲಿ ಒಂದೂ ಗುಂಡಿ ತೋಡಬೇಡಿ. ನೀರು ಕುಡಿದ ಶೇಡಿ ಜಾರುತ್ತದೆ, ಮೇಲಿನ ಗರಸು ಅದರ ಜೊತೆ ಇಳಿಯುತ್ತದೆ. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದಲ್ಲಿ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಈ ಜಿಲ್ಲೆಯಲ್ಲೇ. ಒಂದೊಂದು ಕಡೆಯ ಕಾರಣ ಬೇರೆ ಇದ್ದೀತು, ಎರಡೂ ಕಡೆ ಆಗಿದ್ದು ಜೋರು ಮಳೆಯ ನಡುವೆ. ನಿಮ್ಮ ಬೇಣದ ಕೆಳಗೆ ಮನೆಗಳಿದ್ದರೆ ಗುಂಡಿ ತೋಡುವ ಬದಲು, ಮೇಲಿನಿಂದ ಹರಿದು ಬರುವ ನೀರನ್ನು ಕಲ್ಲು ಕಟ್ಟಿದ ಕಾಲುವೆಯಲ್ಲಿ ಪಕ್ಕದ ಹಳ್ಳಕ್ಕೆ ತಿರುಗಿಸುವ ಕೆಲಸವನ್ನು ಈ ಮೇ ತಿಂಗಳಲ್ಲೇ ಮುಗಿಸಿ.